ಎರಡು ಬೆರಳಿನ ಎತ್ತರ

ಹರಿಹರದ ಹಳೇ ಪಿ.ಬಿ. ರಸ್ತೆಯ ತಿರುವಿನಲ್ಲಿ ಅವರ ಫ್ಲೆಕ್ಸ್ ಇನ್ನೂ ಹಾಗೇ ಇದೆ. ಬಿಳಿಯ ಅರ್ಧ ತೋಳಿನ ಅಂಗಿ, ಹಣೆ ತುಂಬ ವಿಭೂತಿ, ಎರಡೂ ಕೈ ಜೋಡಿಸಿ ನಗುತ್ತಿರುವ ಫೋಟೊ. ಕೆಳಗೆ ದಪ್ಪ ಅಕ್ಷರದಲ್ಲಿ ‘ಮಾತಿಗೆ ತಪ್ಪದ ಹಿರಿಯ ಜೀವ’ ಎಂದು ಬರೆಸಿದ್ದಾರೆ. ನಾನು ದಾವಣಗೆರೆಯಿಂದ ದಿನವೂ ಕಾರು ಓಡಿಸಿಕೊಂಡು ಹರಿಹರದ ಕಾಲೇಜಿಗೆ ಪಾಠ ಮಾಡಲು ಹೋಗುವವಳು. ಬೇಡವೆಂದರೂ ಕಣ್ಣು ಆ ಸಾಲಿನ ಮೇಲೆ ಬೀಳುತ್ತದೆ, ಮೈ ಉರಿಯುತ್ತದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಆಡುವುದಿಲ್ಲ, ಬರೆಯುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ, ಯಾಕೆಂದರೆ ಅವರ ಹೆಂಡತಿ ಮಕ್ಕಳು ನನಗೆ ಏನೂ ಮಾಡಿಲ್ಲ.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ರಕ್ತಸಂಬಂಧವೇನಲ್ಲ, ಅಪ್ಪನ ಗೆಳೆಯರು. ದಾವಣಗೆರೆಯ ಮಂಡಿಪೇಟೆಯಲ್ಲಿ ಅವರ ತಂದೆಯದು ಕಾಳುಕಡಿಯ ಸಣ್ಣ ಮಂಡಿ ಇತ್ತು. ಅದು ಮುಚ್ಚಿದ ಮೇಲೆ ಇವರು ಹರಿಹರಕ್ಕೆ ಬಂದು ಕಾರಿನ ಟೈರು, ಚಕ್ರಗಳ ಅಂಗಡಿ ಹಾಕಿದರು. ಮಂಡಿ ಹೋದರೂ ಮಂಡಿಯ ಚಾಳಿ ಹೋಗಲಿಲ್ಲ. ಗೋಣಿಚೀಲ ಹೊಲಿಯುವ ದಬ್ಬಣವೊಂದು ಸದಾ ಅಂಗಿಯ ಜೇಬಿಗೆ ಚುಚ್ಚಿಕೊಂಡಿರುತ್ತಿತ್ತು. ಟೇಪು ಎದುರಿಗೇ ಬಿದ್ದಿದ್ದರೂ ಅಳತೆಯೆಲ್ಲ ಗೇಣು, ಬೆರಳುಗಳಲ್ಲೇ. ಟೈರನ್ನು ಬೆರಳ ಗೆಣ್ಣಿನಿಂದ ತಟ್ಟಿ ಗಾಳಿ ಇಷ್ಟಿದೆ ಎನ್ನುವರು, ಆಮೇಲೆ ಮೀಟರು ಹಚ್ಚುವರು. ಸರಿಹೋದರೆ ‘ನಾ ಹೇಳ್ಲಿಲ್ಲೇನು?’ ಎಂದು ಸುತ್ತ ನೋಡುವರು. ಸರಿಹೋಗದಿದ್ದರೆ ಮೀಟರು ಕೆಟ್ಟಿದೆ ಎನ್ನುವರು. ದಿನವಿಡೀ ಟೈರುಗಳ ಮಧ್ಯೆ ನಿಂತರೂ ಆ ಬಿಳಿ ಅಂಗಿಗೆ ಒಂದು ಕಲೆಯೂ ಇರುತ್ತಿರಲಿಲ್ಲ. ಅದು ಹೇಗೆಂದು ಆಗ ನನಗೆ ಬೆರಗು.

ಮಾತು ಮುಗಿಸುವಾಗ ‘ಮಾತು ಅಂದ್ರೆ ಮಾತು’ ಎನ್ನುವುದು ಅವರ ರೂಢಿ. ಒಮ್ಮೆ ನಾನು ಅಂಗಡಿಯಲ್ಲಿದ್ದಾಗ, ಮದುವೆ ಗೊತ್ತಾಗಿದ್ದ ಯುವಕನೊಬ್ಬ ತನ್ನ ಹಳೇ ಪುಟ್ಟ ಕಾರಿಗೆ ಅಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಅಲಾಯ್ ಚಕ್ರಗಳೇ ಬೇಕೆಂದು ಹಟ ಹಿಡಿದ. ಕಾಕಾ ಅವನ ಕಾರನ್ನು ಒಂದು ಸುತ್ತು ಹಾಕಿ ಬಂದರು.

‘ಕತ್ತೆಗೆ ಆನೆ ಕಾಲು ಹಚ್ಚಿದ್ರೆ ಆನೆ ಆಗಲ್ಲಪ್ಪಾ, ಕತ್ತೆಗೆ ನಡಿಯಾಕ ಬರಲ್ಲ ಅಷ್ಟೇ. ಸ್ಟೇರಿಂಗ್ ಪೂರ್ತಿ ತಿರುವಿದ್ರೆ ಟೈರು ಮಡ್‌ಗಾರ್ಡಿಗೆ ಉಜ್ಜತೈತೆ. ಹೊಸಾ ಹೆಂಡ್ತೀನ ಕೂಡಿಸ್ಕೊಂಡು ಹಳ್ಳಕ್ಕೆ ಇಳೀತೀಯೇನು?’

‘ಹಂಗಾದ್ರೆ ಬ್ಯಾರೆ ಅಂಗಡಿಗೆ ಹೋಗ್ತೀನ್ರಿ.’

‘ಹೋಗು. ನಾ ಹಚ್ಚಲ್ಲ ಅಂದ್ನಲ್ಲ, ಮಾತು ಅಂದ್ರೆ ಮಾತು.’

ಬಂದ ಗಿರಾಕಿಯನ್ನು ಹೀಗೆ ವಾಪಸು ಕಳಿಸುವವರು ಎಷ್ಟು ಜನ ಸಿಗುತ್ತಾರೆ? ಅಪ್ಪನಿಗೆ ಇಂಥ ಗೆಳೆಯರಿದ್ದಾರಲ್ಲ ಎಂದು ನನಗೆ ಹೆಮ್ಮೆಯಾಗಿತ್ತು.

ಅಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿಯಾಗಿದ್ದವರು. ಯಾರನ್ನೂ ಸುಲಭಕ್ಕೆ ನಂಬುವ ಜೀವವಲ್ಲ. ನಮ್ಮದು ಗುಂಡು ಬೆನ್ನಿನ ಹಳೇ ಕಾಲದ ಕಾರು, ಈಗ ಅಂಥವು ತಯಾರಾಗುವುದೇ ಇಲ್ಲ. ಅದರ ಚಕ್ರಗಳನ್ನು ಹಿಂದುಮುಂದು ಅದಲುಬದಲು ಮಾಡಿಸುವಾಗ ಯಾವುದು ಎಲ್ಲಿತ್ತೆಂದು ತಿಳಿಯಲಿ ಎಂದು, ಗಾಳಿ ತುಂಬುವ ಮೂತಿಯ ಪಕ್ಕದಲ್ಲಿ ಅಪ್ಪ ಹಸಿರು ಬಣ್ಣದ ಚುಕ್ಕೆ ಇಟ್ಟಿದ್ದರು. ಮೊದಲನೆಯದಕ್ಕೆ ಒಂದು ಚುಕ್ಕೆ, ನಾಲ್ಕನೆಯದಕ್ಕೆ ನಾಲ್ಕು. ಕಿಟಕಿಗೆ ಬಳಿದು ಡಬ್ಬಿಯ ತಳದಲ್ಲಿ ಉಳಿದಿದ್ದ ಬಣ್ಣ ಅದು.

‘ನನ್ನ ಅಂಗಡ್ಯಾಗೂ ಚುಕ್ಕಿ ಎಣಿಸ್ತೀಯಲ್ಲೋ ಮಾರಾಯ’ ಎಂದು ಕಾಕಾ ನಗುತ್ತಿದ್ದರು.

‘ನೀ ಗೆಳೆಯ ಹೌದು. ಚುಕ್ಕಿ ಇರ್ಲಿ’ ಎನ್ನುತ್ತಿದ್ದರು ಅಪ್ಪ.

ಅಪ್ಪ ತೀರಿಕೊಂಡಾಗ ಕಾಕಾ ಮನೆಯವರಿಗಿಂತ ಹೆಚ್ಚಾಗಿ ನಿಂತು ಎಲ್ಲವನ್ನೂ ನೋಡಿಕೊಂಡರು. ಇದನ್ನು ಮುಚ್ಚಿಡುವುದಿಲ್ಲ. ಹನ್ನೊಂದನೆಯ ದಿನ ಯಾರೂ ಹೇಳದೆ ಅಂಗಳದಲ್ಲಿದ್ದ ಕಾರನ್ನು ತಾವೇ ತೊಳೆದರು. ‘ಯಜಮಾನ ಹೋದ ಅಂತ ಗಾಡಿ ಧೂಳು ತಿನ್ನಬಾರದು’ ಎಂದು ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಅಲ್ಲಿಂದ ಆ ಕಾರು ನನ್ನದಾಯಿತು.

ತೊಂದರೆ ಬಂದದ್ದು ಅವ್ವನ ಮೊಣಕಾಲಿನಿಂದ. ಅವ್ವನಿಗೆ ಅಮಾವಾಸ್ಯೆ ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಹೋಗಿ ಅಜ್ಜಯ್ಯನ ದರ್ಶನ ಮಾಡಿ ಬರಬೇಕು. ಅಪ್ಪ ಇದ್ದಾಗಿನಿಂದ ನಡೆದುಬಂದದ್ದು. ಆದರೆ ನಮ್ಮ ಕಾರಿನ ಸೀಟು ತಗ್ಗು. ಕೂರುವುದು ಹೇಗೋ ಆಗುತ್ತಿತ್ತು, ಏಳಲು ಇಬ್ಬರು ಎರಡು ಕಡೆ ತೋಳು ಹಿಡಿಯಬೇಕು. ದಿಂಬು ಹಾಕಿ ನೋಡಿದೆವು, ತಲೆ ಚಾವಣಿಗೆ ತಾಗಿತು. ಒಂದು ಅಮಾವಾಸ್ಯೆಯ ದಿನ ಗುಡಿಯ ಹತ್ತಿರ ಗುರುತಿಲ್ಲದ ಗಂಡಸರಿಬ್ಬರು ಓಡಿಬಂದು ಅವ್ವನನ್ನು ಎತ್ತಿ ನಿಲ್ಲಿಸಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ವಾಪಸು ದಾವಣಗೆರೆಗೆ ಬಂದ ಮೇಲೆ ಅವ್ವ ಒಂದೇ ಮಾತು ಆಡಿದಳು: ‘ಜ್ವಾಳದ ಚೀಲ ಎತ್ತಿದಂಗೆ ಎತ್ತಿದ್ರು.’ ಆಮೇಲೆ ಅಮಾವಾಸ್ಯೆ ಬಂದಾಗಲೆಲ್ಲ ತಲೆನೋವೋ, ಹೊಟ್ಟೆನೋವೋ, ಏನಾದರೊಂದು ನೆಪ.

ಈ ಸುದ್ದಿ ಕಾಕಾ ಕಿವಿಗೆ ಬಿತ್ತು. ಒಂದು ಭಾನುವಾರ ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೆ ಬಂದವರು ಚಹಾ ಕುಡಿಯುತ್ತಾ, ಅವ್ವ ತನ್ನ ಬೆತ್ತದ ಕುರ್ಚಿಯಿಂದ ಏಳುವುದನ್ನೇ ನೋಡಿದರು. ‘ಇನ್ನೊಂದು ಸಲ ಕೂತು ಏಳ್ರಿ ಅಕ್ಕಾ’ ಎಂದರು. ನೆಲದಿಂದ ಕುರ್ಚಿಗೆ ಗೇಣು ಹಾಕಿದರು. ಹೊರಗೆ ಹೋಗಿ ಕಾರಿನ ಬಾಗಿಲು ತೆಗೆದು ನೆಲದಿಂದ ಸೀಟಿಗೆ ಗೇಣು ಹಾಕಿದರು.

‘ಎರಡು ಬೆರಳು ಕಮ್ಮಿ ಐತೆ. ನಾ ಎತ್ತರಿಸಿಕೊಡ್ತೀನಿ.’

‘ನಮ್ಮ ಕತ್ತೆಗೂ ಆನೆ ಕಾಲೇನು ಕಾಕಾ?’ ಎಂದೆ ನಾನು.

‘ಇದು ಆನೆ ಕಾಲಲ್ಲವ್ವ, ಕುದುರೆ ಕಾಲು. ಎಷ್ಟು ಬೇಕೋ ಅಷ್ಟೇ.’

ಹಾಗೆ ನಮ್ಮ ಹಳೇ ಕಾರಿಗೆ ದೊಡ್ಡ ಅಲಾಯ್ ಚಕ್ರಗಳು ಬಂದವು. ತಿರುವಿನಲ್ಲಿ ಉಜ್ಜದಿರಲೆಂದು ಮುಂದಿನ ಮಡ್‌ಗಾರ್ಡಿನ ಒಳ ಅಂಚನ್ನು ಮರದ ತುಂಡು ಕೊಟ್ಟು ಸುತ್ತಿಗೆಯಿಂದ ಮೆಲ್ಲಗೆ ಮಡಿಸಿದರು. ಆ ಕೆಲಸ ಬೇರೆ ಯಾರ ಕೈಗೂ ಬಿಡಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೊಳೆಯ ಸೇತುವೆಯವರೆಗೆ ಓಡಿಸಿ ತೋರಿಸಿದರು. ‘ಇನ್ನ ಮ್ಯಾಲೆ ಮೀಟರು ವೇಗ ಕಮ್ಮಿ ತೋರಿಸ್ತೈತೆ ನೋಡವ್ವ. ದೊಡ್ಡ ಚಕ್ರ ಒಂದು ಸುತ್ತಿಗೆ ಜಾಸ್ತಿ ದೂರ ಓಡತೈತೆ, ಅದು ಮೀಟರಿಗೆ ತಿಳಿಯಲ್ಲ. ಅದರ ಮಾತು ನಂಬಿ ಓಡಿಸಬ್ಯಾಡ.’ ಮೀಟರಿನ ಸುಳ್ಳನ್ನು ಅಷ್ಟು ಮುತುವರ್ಜಿಯಿಂದ ಹೇಳಿಕೊಟ್ಟ ಮನುಷ್ಯ ಅವರು.

ಅವ್ವ ಆ ದಿನ ಕಾರಿನಲ್ಲಿ ಕೂತಳು, ಎದ್ದಳು. ಮತ್ತೆ ಕೂತಳು, ಯಾರ ಕೈಯನ್ನೂ ಹಿಡಿಯದೆ ಮತ್ತೆ ಎದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು ‘ಅಜ್ಜಯ್ಯ ನಿನ್ನ ಚಲೋ ಇಟ್ಟಿರ್ಲಿ ತಮ್ಮಾ’ ಎಂದಳು. ಆ ಗಳಿಗೆಯಲ್ಲಿ ಅವರು ಏನು ಕೇಳಿದ್ದರೂ ನಾವು ಕೊಟ್ಟುಬಿಡುತ್ತಿದ್ದೆವು.

ಅವರು ಕೇಳಿದ್ದು ಬಿಚ್ಚಿದ ಹಳೇ ಚಕ್ರಗಳನ್ನು ತಮ್ಮ ಹತ್ತಿರ ಇಟ್ಟುಕೊಳ್ಳುವ ಅಪ್ಪಣೆಯನ್ನು. ‘ಮನಿಯಾಗ ಇಟ್ರೆ ತುಕ್ಕು ಹಿಡೀತಾವೆ ಅಕ್ಕಾ. ನನ್ನ ಅಂಗಡಿ ಅಟ್ಟದಾಗ ಇರ್ಲಿ. ಗೆಳೆಯನ ಚಕ್ರ, ನನ್ನ ಜೀವ ಇರೋತನಕ ಕಾಯ್ತೀನಿ. ಮಾತು ಅಂದ್ರೆ ಮಾತು.’ ನಮ್ಮೆದುರಿಗೇ ಒಂದೊಂದನ್ನೂ ಗೋಣಿಚೀಲದಲ್ಲಿಟ್ಟು ದಬ್ಬಣದಿಂದ ಬಾಯಿ ಹೊಲಿದರು. ಆ ಹೊಲಿಗೆ ನೋಡಲು ಚಂದ, ಮಂಡಿಪೇಟೆಯ ಕೈ. ಅಪ್ಪನ ಹಸಿರು ಚುಕ್ಕೆಗಳು ಚೀಲದೊಳಗೆ ಹೋಗುವುದನ್ನು ಅವ್ವ ನೋಡುತ್ತಾ ನಿಂತಿದ್ದಳು.

ಆಮೇಲೆ ಪ್ರತಿ ಆಯುಧ ಪೂಜೆಗೆ ಅವ್ವ ಹರಿಹರಕ್ಕೆ ಬರುವಳು. ಮನೆಯಲ್ಲಿ ಕಾರಿಗೆ ಪೂಜೆ ಮಾಡಿದರೂ ಅವಳ ಮನಸ್ಸಿಗೆ ಸಮಾಧಾನವಿಲ್ಲ. ‘ಅವರ ಚಕ್ರ ಅಲ್ಲೈತೆ’ ಎನ್ನುವಳು. ಕಾಕಾ ಹಿಂದಿನ ದಿನವೇ ನಾಲ್ಕು ಗೋಣಿಚೀಲಗಳನ್ನು ಅಟ್ಟದಿಂದ ಇಳಿಸಿ ಅಂಗಡಿಯ ಮುಂದೆ ಸಾಲಾಗಿ ಇಡಿಸಿರುವರು. ಇಲಿ ಕಡಿಯುತ್ತವೆಂದು ವರ್ಷ ವರ್ಷ ಹೊಸ ಗೋಣಿ, ಹೊಸ ಹೊಲಿಗೆ. ಅವ್ವ ಕುರ್ಚಿಯಲ್ಲಿ ಕೂತು ನಾಲ್ಕಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ ಹೂವು ಇಟ್ಟು ಕರ್ಪೂರ ಬೆಳಗುವಳು. ಕಾಕಾ ಅವಳ ಪಕ್ಕದಲ್ಲೇ ನಿಂತು, ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸುವರು. ಬೂದುಗುಂಬಳ ಒಡೆದು, ಮಂಡಕ್ಕಿ ಬೆಲ್ಲದ ಪ್ರಸಾದ ಹಂಚಿ ನಮ್ಮನ್ನು ಕಾರಿನವರೆಗೂ ಕಳಿಸಿಕೊಡುವರು. ಆ ಫ್ಲೆಕ್ಸಿನಲ್ಲಿರುವುದು ಅಂಥದೇ ಒಂದು ಪೂಜೆಯ ದಿನ ತೆಗೆದ ಫೋಟೊ.

ಹೋದ ಸಲ ಕಾರಿನ ನೋಂದಣಿ ನವೀಕರಿಸುವ ಕಾಲ ಬಂತು. ಹಳೇ ಕಾರುಗಳಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ. ಅಧಿಕಾರಿ ಸೌಜನ್ಯವಾಗಿಯೇ ಹೇಳಿದರು, ಚಕ್ರದ ಅಳತೆ ಕಂಪನಿ ಕೊಟ್ಟಂತೆ ಇಲ್ಲ, ಮೊದಲಿನವನ್ನು ಹಾಕಿಸಿಕೊಂಡು ಬನ್ನಿ ಎಂದು. ಅದಾಗದಿದ್ದರೆ ಕಾರು ರಸ್ತೆಗಿಳಿಯುವಂತಿಲ್ಲ, ಅವ್ವನ ಅಮಾವಾಸ್ಯೆ ಮತ್ತೆ ನಿಂತಂತೆ. ನನಗೆ ಗಾಬರಿಯೇನೂ ಆಗಲಿಲ್ಲ. ಚಕ್ರಗಳು ಕಾಕಾ ಅಟ್ಟದಲ್ಲಿವೆಯಲ್ಲ. ಒಂದು ದಿನದ ಮಟ್ಟಿಗೆ ಹಾಕಿಸಿ, ತೋರಿಸಿ, ಮತ್ತೆ ದೊಡ್ಡವನ್ನೇ ಹಾಕಿಸಿದರಾಯಿತು ಎಂದುಕೊಂಡೆ. ಹಾಗೆ ಮಾಡುವುದು ಸರಿಯೋ ತಪ್ಪೋ ಎಂದು ನನಗೆ ಪಾಠ ಹೇಳಬೇಡಿ. ನನಗೆ ಅವ್ವನ ಮೊಣಕಾಲು ಮುಖ್ಯ.

ಅಂಗಡಿಗೆ ಹೋಗಿ ಕೇಳಿದರೆ ಕಾಕಾ ‘ನಾಳೆ ಬಾರವ್ವ’ ಎಂದರು. ಮರುದಿನ ಹೋದರೆ ಏಣಿ ಯಾರೋ ಒಯ್ದಿದ್ದಾರೆ ಎಂದರು. ಅದರ ಮರುದಿನ ಅಟ್ಟದ ಲೈಟು ಹೋಗಿದೆ ಎಂದರು. ನನ್ನ ಸಿಟ್ಟು ನಮ್ಮ ಕಾಲೇಜಿನಲ್ಲಿ ಹೆಸರುವಾಸಿ. ಪಕ್ಕದ ಪೇಂಟು ಅಂಗಡಿಯಿಂದ ನಾನೇ ಏಣಿ ತಂದು ಗೋಡೆಗೆ ಆನಿಸಿ, ಸೆರಗು ಸಿಕ್ಕಿಸಿಕೊಂಡು ಹತ್ತಿದೆ. ಅವರು ತಡೆಯಲಿಲ್ಲ. ಬಂದು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ‘ಹುಷಾರವ್ವ, ಮ್ಯಾಲಿನ ಮೆಟ್ಲು ಸಡಿಲ ಐತೆ’ ಎಂದರು.

ಕಾರಿನ ಕೀಲಿಯಿಂದಲೇ ಮೊದಲ ಚೀಲದ ಹೊಲಿಗೆ ಹರಿದೆ. ಒಳಗಿದ್ದದ್ದು ಯಾವುದೋ ವ್ಯಾನಿನ ತುಕ್ಕು ಹಿಡಿದ ಚಕ್ರ. ನಮ್ಮ ಕಾರಿನ ಚಕ್ರಕ್ಕೆ ನಾಲ್ಕು ತೂತು, ಇದಕ್ಕೆ ಆರು. ನಂಬಲಾಗದೆ ಎರಡನೆಯ ಚೀಲ ಹರಿದೆ, ಮೂರನೆಯದು, ನಾಲ್ಕನೆಯದು. ಒಂದೊಂದನ್ನೂ ತಿರುಗಿಸಿ ಹಸಿರು ಚುಕ್ಕೆ ಹುಡುಕಿದೆ. ಗೋಣಿಯ ಹೊರಗೆ ಅವ್ವನ ಕುಂಕುಮ ಇನ್ನೂ ಹಾಗೇ ಅಂಟಿಕೊಂಡಿತ್ತು. ಅದನ್ನು ನೋಡಿ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಅಸಹ್ಯ ಬಂತು.

ಕೆಳಗಿಳಿದು ‘ಎಲ್ಲಿ ಕಾಕಾ?’ ಎಂದೆ.

ಅವರು ನೆಲ ನೋಡುತ್ತಾ ಹೇಳಿದರು. ಮಂಡಿಪೇಟೆಯ ಸಾಹುಕಾರರೊಬ್ಬರ ಹತ್ತಿರ ನಮ್ಮದೇ ಮಾದರಿಯ ಕಾರಿದೆ. ಅದನ್ನು ಹೂವಿನಲ್ಲಿ ಸಿಂಗರಿಸಿ ಮದುವೆಯ ಮೆರವಣಿಗೆಗಳಿಗೆ ಕಳಿಸುವುದು ಅವರ ಶೋಕಿ. ಅದಕ್ಕೆ ಕಂಪನಿಯ ಅಸಲಿ ಚಕ್ರಗಳೇ ಬೇಕೆಂದು ಊರೆಲ್ಲ ಹುಡುಕಿ ಕೊನೆಗೆ ಇವರ ಅಂಗಡಿಗೆ ಬಂದಿದ್ದರು.

‘ನಮ್ಮಪ್ಪ ಅವರ ಮಂಡಿ ಮುಂದೆ ಚಪ್ಪಲಿ ಬಿಟ್ಟು ನಿಲ್ತಿದ್ದನವ್ವ. ಅಂಥ ಮನಿತನದವರು ನನ್ನ ಅಂಗಡಿ ಮೆಟ್ಲು ಹತ್ತಿ ಬಂದು, ನಿನ್ನ ಕೈಲೆ ಆಗತೈತೆ ಅಂದ್ರು. ಹೆಂಗೆ ಇಲ್ಲ ಅನ್ಲಿ?’

‘ಯಾವಾಗ ಇದು?’

‘ನಿಮ್ಮವ್ವ ಮೊದಲ್ನೇ ಸಲ ಪೂಜೆಗೆ ಬರೋಕಿಂತ ಮುಂಚೆ.’

ಅಂದರೆ ಅವ್ವ ಪೂಜೆ ಮಾಡಿದ ಒಂದು ವರ್ಷವೂ ಆ ಚೀಲಗಳಲ್ಲಿ ನಮ್ಮ ಚಕ್ರ ಇರಲಿಲ್ಲ. ಅವರೇ ಮುಂದುವರಿಸಿದರು: ‘ನಿಮಗೇನು ಬೇಕಾಗಿದ್ದಿಲ್ಲಲ್ಲವ್ವ ಅವು. ಅಟ್ಟದಾಗ ಸುಮ್ನೆ ಬಿದ್ದಿರ್ತಿದ್ವು.’ ಬೇಕಾಗಿರಲಿಲ್ಲ, ನಿಜ. ನಮ್ಮವು ಎನ್ನಲು ಬೇಕಾಗಿರಲೇಬೇಕೆ? ಆ ಸಾಹುಕಾರರು ಬಂದು ಹೀಗೆ ಕೇಳಿದರು ಎಂದು ಒಂದು ಮಾತು ಹೇಳಿದ್ದರೆ, ಅವ್ವ ತಾನೇ ಕುಂಕುಮ ಹಚ್ಚಿ ಎತ್ತಿ ಕೊಡುತ್ತಿದ್ದಳು. ನನಗೆ ಇವತ್ತಿಗೂ ಅರಗದಿರುವುದು ಅವರು ಕೊಟ್ಟದ್ದಲ್ಲ. ಆ ವ್ಯಾನಿನ ಚಕ್ರಗಳಿಗೆ ವರ್ಷ ವರ್ಷ ಹೊಸ ಗೋಣಿ ಹೊಲಿದದ್ದು.

ಮನೆಗೆ ಬಂದು ಹೇಳಿದರೆ ಅವ್ವ ನಂಬಲಿಲ್ಲ. ‘ಅಂಥ ಮನುಷ್ಯನ ಮ್ಯಾಲೆ ಹಂಗೆಲ್ಲ ಮಾತಾಡಬ್ಯಾಡ’ ಎಂದು ನನಗೇ ಗದರಿದಳು.

ಪರೀಕ್ಷೆಯ ದಿನ ಬೆಳಿಗ್ಗೆ ಕಾಕಾ ಸಾಮಾನಿನ ಆಟೋದಲ್ಲಿ ನಮ್ಮ ಮನೆಗೇ ಬಂದರು, ನಾಲ್ಕು ಚಕ್ರಗಳೊಂದಿಗೆ. ಬಣ್ಣ ಹಚ್ಚಿಸಿಕೊಡುತ್ತೇನೆಂದು ಸಾಹುಕಾರರಿಗೆ ಹೇಳಿ ಒಂದು ದಿನಕ್ಕೆ ಬಿಚ್ಚಿಸಿಕೊಂಡು ಬಂದಿದ್ದರಂತೆ. ಅಲ್ಲೂ ಸುಳ್ಳೇ. ಅವ್ವ ಬೆತ್ತದ ಕುರ್ಚಿಯಲ್ಲಿ ಅಂಗಳದಲ್ಲಿ ಕೂತಿದ್ದಳು. ನಾನು ಒಂದು ಚಕ್ರವನ್ನು ಉರುಳಿಸಿಕೊಂಡು ಹೋಗಿ ಅವಳ ಮುಂದೆ ನಿಲ್ಲಿಸಿದೆ. ಗಾಳಿಯ ಮೂತಿಯ ಪಕ್ಕದಲ್ಲಿ ಮೂರು ಹಸಿರು ಚುಕ್ಕೆ. ಅವ್ವ ಅವನ್ನು ಬೆರಳಿನಿಂದ ಮುಟ್ಟಿದಳು, ಕಾಕಾ ಮುಖ ನೋಡಿದಳು. ಕಾರು ಪರೀಕ್ಷೆಯಲ್ಲಿ ಪಾಸಾಯಿತು.

ಸಂಜೆ ಅವರು ನಟ್ಟು ಬಿಚ್ಚುವ ಪಾನ ಹಿಡಿದು ಮತ್ತೆ ಬಂದರು. ಅಪ್ಪನ ಚಕ್ರಗಳನ್ನು ಬಿಚ್ಚಿ ವಾಪಸು ಒಯ್ಯಬೇಕಂತೆ. ನಾನು ಕಾರಿಗೆ ಅಡ್ಡ ನಿಂತೆ.

‘ಇವು ಇನ್ನ ಈ ಅಂಗಳ ದಾಟಲ್ಲ ಕಾಕಾ.’

‘ಹಂಗನ್ನಬ್ಯಾಡವ್ವ. ನಾಳೆ ಬೆಳಿಗ್ಗೆ ಆ ಗಾಡಿ ಮದುವಿ ಮೆರವಣಿಗೆಗೆ ಹೋಗಬೇಕು. ಇಟ್ಟಿಗಿ ಮ್ಯಾಲೆ ನಿಲ್ಸಿ ಬಂದೀನಿ. ಸಾಹುಕಾರ್ರಿಗೆ ಮಾತು ಕೊಟ್ಟೀನಿ.’

‘ನಮಗೆ ಕೊಟ್ಟಿದ್ದು ಏನು?’

ಆಗ ಅವ್ವ ಕುರ್ಚಿಯಿಂದಲೇ ಕರೆದಳು. ದನಿಯಲ್ಲಿ ಸಿಟ್ಟಿರಲಿಲ್ಲ.

‘ತಮ್ಮಾ, ಒಂದು ಕೇಳ್ತೀನಿ. ನಾ ಕರ್ಪೂರ ಬೆಳಗುವಾಗ ನೀ ನನ್ನ ಬಾಜುಕ ಕಣ್ಣು ಮುಚ್ಚಿ ಕೈ ಮುಗೀತಿದ್ದಿ. ಒಳಗೆ ಏನೈತೆ ಅಂತ ನಿನಗೆ ಗೊತ್ತಿತ್ತು. ಅವಾಗ ಏನು ಬೇಡ್ಕೊಂತಿದ್ದೆಪ್ಪಾ?’

ಕಾಕಾ ಜೇಬಿನ ದಬ್ಬಣವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಬಿಳಿಯ ಅಂಗಿ ಆವತ್ತೂ ಸ್ವಚ್ಛವಾಗಿತ್ತು. ಅವ್ವ ಉತ್ತರಕ್ಕಾಗಿ ಕಾದಳು. ನಿಜವಾಗಿ ಕಾದಳು, ಅವಳಿಗೆ ತಿಳಿಯಬೇಕಾಗಿತ್ತು. ಬರದಿದ್ದಾಗ ನನ್ನ ಕಡೆ ತಿರುಗಿದಳು.

‘ಬಿಡು, ಒಯ್ಯಲಿ. ಯಾರದೋ ಮದುವಿ. ಅವರ ಗಾಡಿ ಇಟ್ಟಿಗಿ ಮ್ಯಾಲೆ ನಿಲ್ಲಬಾರದು.’

ಅವರು ಒಯ್ದರು. ಆ ಪ್ರಶ್ನೆ ಕೇಳಿಸಿಕೊಂಡ ಮೇಲೂ ಬಗ್ಗಿ ಕೂತು, ನಾಲ್ಕೂ ಚಕ್ರ ಬಿಚ್ಚಿ, ದೊಡ್ಡವನ್ನು ಹಾಕಿ, ನಟ್ಟುಗಳನ್ನು ಎಂದಿನಂತೆ ಎರಡೆರಡು ಸಲ ಬಿಗಿ ಮಾಡಿದರು. ಬಾಗಿಲು ತೆಗೆದು ನೆಲದಿಂದ ಸೀಟಿಗೆ ಗೇಣು ಹಾಕಿ, ಕೊನೆಗೆ ಎರಡು ಬೆರಳಿಟ್ಟು ನೋಡಿದರು. ಸರಿಯಾಗಿತ್ತು. ಆಮೇಲೆ ಅಪ್ಪನ ಚಕ್ರಗಳನ್ನು ಆಟೋಗೆ ಏರಿಸಿಕೊಂಡು ಹೋದರು. ಅವರ ಆ ಗೇಣು ನೆನಪಾದರೆ ನನಗೆ ಇಂದಿಗೂ ಎದೆ ಕುದಿಯುತ್ತದೆ. ಪೂರ್ತಿ ಕೆಟ್ಟವರಾಗಿದ್ದರೆ ಬೈದು ಮರೆಯಬಹುದಿತ್ತು.

ಮತ್ತೆ ಅವರು ನಮ್ಮ ಮನೆಗೆ ಬರಲಿಲ್ಲ, ನಾವೂ ಅಂಗಡಿಗೆ ಹೋಗಲಿಲ್ಲ. ಆ ವರ್ಷದ ಆಯುಧ ಪೂಜೆಗೆ ಅವ್ವ ಮನೆಯ ಕಾರಿಗಷ್ಟೇ ಹೂವಿಟ್ಟಳು. ಒಮ್ಮೆ ಮಂಡಿಪೇಟೆಯ ಕಡೆಯಿಂದ ಬರುವಾಗ ವಾಲಗ, ಬ್ಯಾಂಡು ಎಲ್ಲ ಇದ್ದ ಮೆರವಣಿಗೆಯೊಂದು ಎದುರಾಯಿತು. ಮಧ್ಯದಲ್ಲಿ ಸೇವಂತಿಗೆ ಸರದಲ್ಲಿ ಮುಚ್ಚಿಹೋದ ಹಳೇ ಕಾರು ಮೆಲ್ಲಗೆ ಉರುಳುತ್ತಿತ್ತು. ಅವ್ವ ಮುಖವನ್ನು ಬೇರೆ ಕಡೆ ತಿರುಗಿಸಿದಳು. ನಾನು ಮಾತ್ರ ಚಕ್ರವನ್ನೇ ನೋಡುತ್ತಿದ್ದೆ. ಚುಕ್ಕೆಗಳ ಮೇಲೆ ಬೆಳ್ಳಿ ಬಣ್ಣ ಬಳಿದಿದ್ದರು. ಸಾಹುಕಾರರಿಗೆ ಹೇಳಿದ ಸುಳ್ಳನ್ನಾದರೂ ಕಾಕಾ ಕೊನೆಗೆ ನಿಜ ಮಾಡಿದ್ದರು.

ಅವರು ಹೋದ ಸುದ್ದಿ ಬಂದಾಗ ನಾನು ಬರುವುದಿಲ್ಲ ಎಂದೆ. ಅವ್ವ ಸೀರೆ ಬದಲಾಯಿಸಿ ಕಾರಿನ ಪಕ್ಕ ಬಂದು ನಿಂತಳು. ಹರಿಹರದ ಅವರ ಮನೆಯ ಮುಂದೆ ಶಾಮಿಯಾನ, ಜನವೋ ಜನ. ಇಳಿಸಿಕೊಳ್ಳಲೇನಮ್ಮಾ ಎಂದು ಯಾರೋ ಮುಂದೆ ಬಂದರು. ಅವ್ವ ಬೇಡವೆಂದು ಕೈ ಆಡಿಸಿ ತಾನೇ ಇಳಿದಳು. ಒಳಗೆ ಕೂಡಿಸಿದ್ದ ಅವರ ದೇಹದ ಮುಂದೆ ನಿಂತು ಬಹಳ ಹೊತ್ತು ಕೈ ಮುಗಿದಳು. ನಾನು ಪಕ್ಕದಲ್ಲೇ ಇದ್ದೆ, ಕಾರಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು.

ಹೊರಗೆ ಬಂದ ಮೇಲೆ ಅವ್ವ ಕೇಳಿದಳು: ‘ನೀ ಕೈ ಮುಗಿದ್ಯೇನು?’

‘ಇಲ್ಲ.’

‘ಚಲೋ ಆತು. ಮನಸಿಲ್ದೆ ಮುಗಿಯೋದು ಅವನ ಕೆಲಸ, ನಮ್ಮದಲ್ಲ.’

ಹಾಗೆಂದು, ಯಾರ ಕೈಯನ್ನೂ ಹಿಡಿಯದೆ ಕಾರಿನಲ್ಲಿ ಕೂತಳು.